ಬಾದಾಮಿ ಮುತ್ತಿಗೆಯಲ್ಲಿ ಗಾಳಿಯ ಪಾಲು

1786ರ ಮೇ 20ರಂದು ಬಾದಾಮಿಯ ಕೆಳಕೋಟೆಯ ಎದುರು ಇಪ್ಪತ್ತು ಸಾವಿರ ಕಾಲಾಳುಗಳು ಏಣಿ ಹಿಡಿದು ನಿಂತಿದ್ದರು. ಪುಣೆಯ ಪೇಶ್ವೆಯ ಮರಾಠರೂ ಹೈದರಾಬಾದಿನ ನಿಜಾಮನ ಮೊಗಲರೂ ಕೂಡಿದ ದಂಡು ಅದು. ಒಳಗಿದ್ದವರು ಟಿಪ್ಪುವಿನ ಮೂರೂವರೆ ಸಾವಿರ ಮಂದಿ. ಮೇ 1ರಿಂದ ತೋಪು ಗುಡುಗುತ್ತಲೇ ಇತ್ತು. ಮೂರು ವಾರ ಕಳೆದರೂ ಗೋಡೆಗೆ ಹೇಳಿಕೊಳ್ಳುವಂಥ ಪೆಟ್ಟು ಬಿದ್ದಿರಲಿಲ್ಲ. ಪೇಶ್ವೆಯ ಮಂತ್ರಿ ನಾನಾ ಫಡ್ನವೀಸನ ತಾಳ್ಮೆ ಮುಗಿಯಿತು. ಗೋಡೆ ಒಡೆಯುವವರೆಗೆ ಕಾಯುವುದು ಬೇಡ, ಏಣಿ ಹಾಕಿ ಹತ್ತಿಬಿಡಿ ಎಂದು ಅಪ್ಪಣೆಯಾಯಿತು.

ಹತ್ತಿದರು. ಕಂದಕದಲ್ಲಿ ಹುಗಿದಿಟ್ಟಿದ್ದ ಮದ್ದು ಸಿಡಿದು ಬಹಳ ಮಂದಿ ಸತ್ತರು; ಆದರೂ ಹತ್ತಾರು ಕಡೆ ಏಣಿ ನಿಂತು ಗೋಡೆ ಕೈಗೆ ಬಂತು. ಟಿಪ್ಪುವಿನವರು ಊರು ಬಿಟ್ಟು ಗುಡ್ಡದ ಮೇಲಿನ ಕೋಟೆಗಳಿಗೆ ಓಡಿದರು. ಅಗಸ್ತ್ಯ ತೀರ್ಥದ ಕೆರೆಯ ಉತ್ತರಕ್ಕೆ ಬಾವನ್ ಬಂಡೆ ಕೋಟೆ, ದಕ್ಷಿಣಕ್ಕೆ ಗುಹೆಗಳ ನೆತ್ತಿಯ ಮೇಲೆ ರಣಮಂಡಲ ಕೋಟೆ. ಬೆನ್ನಟ್ಟಿದವರು ಓಡುವವರ ಜೊತೆಗೇ ಬಾಗಿಲಲ್ಲಿ ನುಗ್ಗಬೇಕೆಂದಿದ್ದರು, ಅದು ಆಗಲಿಲ್ಲ. ಬಾಗಿಲು ಮುಚ್ಚಿತು. ಆಮೇಲೆ ಮೇಲಿನಿಂದ ಕಲ್ಲು ಉರುಳತೊಡಗಿತು.

ಮರಾಠರ ಇತಿಹಾಸ ಬರೆದ ಗ್ರಾಂಟ್ ಡಫ್ ಈ ಗಳಿಗೆಯನ್ನು ಎರಡೇ ಮಾತಿನಲ್ಲಿ ಮುಗಿಸುತ್ತಾನೆ. ದೊಡ್ಡ ದೊಡ್ಡ ಬಂಡೆಗಳು ಉರುಳಿ ಬಂದವು, ಬಂದೂಕಿನ ಗುಂಡು ಸುರಿಯಿತು, ಆದರೂ ದಂಡು ಗುಡ್ಡದ ಮುಖಕ್ಕೆ ಮುತ್ತಿಕೊಂಡೇ ಮೇಲೇರಿತು, ಆ ರಭಸ ಕಂಡು ಹೆದರಿದ ಕಾವಲಿನವರು ಪ್ರಾಣ ಉಳಿಸಿದರೆ ಸಾಕೆಂದು ಶರಣಾದರು, ಇಷ್ಟು. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ. ಅದೇ ಗುಡ್ಡದಲ್ಲಿ, ಅದೇ ಮೇ ತಿಂಗಳ ಬಿಸಿಗಾಳಿಯಲ್ಲಿ, ಎರಡು ಬಗೆಯ ವಸ್ತುಗಳು ಹಾರಾಡಿದವು. ಮೂರು ವಾರ ಕೆಳಗಿನಿಂದ ಗೋಡೆಗೆ ಬಡಿದ ಕಬ್ಬಿಣದ ಗುಂಡು. ಕೊನೆಯ ದಿನ ಮೇಲಿನಿಂದ ಬಿದ್ದ ಮರಳುಗಲ್ಲು. ಒಂದಕ್ಕೆ ಗಾಳಿ ದೊಡ್ಡ ವೈರಿ, ಇನ್ನೊಂದಕ್ಕೆ ಗಾಳಿ ಇದ್ದರೂ ಇಲ್ಲದಂತೆ. ಈ ವ್ಯತ್ಯಾಸ ಆಗ ಬಾದಾಮಿಯಲ್ಲಿ ನೆರೆದಿದ್ದ ಸರದಾರರಲ್ಲಿ ಯಾರ ಲೆಕ್ಕದಲ್ಲೂ ಇದ್ದಂತೆ ಕಾಣುವುದಿಲ್ಲ. ಅದನ್ನು ಲೆಕ್ಕಕ್ಕೆ ತಂದವನು ಮೂವತ್ತೈದು ವರ್ಷ ಮೊದಲೇ ಕಡಲೂರಿನ ಹತ್ತಿರ ತೀರಿಕೊಂಡಿದ್ದ.

ಮೊದಲು ಕಲ್ಲಿನ ಮಾತು. ಬಾದಾಮಿಯ ಕೆಂಪು ಬಂಡೆಗಳು ಸೀಳಿದಂತೆ ನೆಟ್ಟಗೆ ನಿಂತಿವೆ. ಇನ್ನೂರು ಅಡಿಯ ಅಂಚಿನಿಂದ ಒಂದು ಕಲ್ಲು ಎಲ್ಲೂ ತಗಲದೆ ಬಿತ್ತೆನ್ನಿ. ಮೂರೂವರೆ ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ, ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 125 ಕಿಲೋಮೀಟರು. ಇದು ಗಾಳಿಯನ್ನು ಮರೆತು ಹಾಕಿದ ಲೆಕ್ಕ. ಗಾಳಿಯನ್ನು ಸೇರಿಸಿದರೆ? ಒಂದಡಿ ಅಡ್ಡಳತೆಯ, ಮೂವತ್ತು ಕಿಲೋ ಮೇಲ್ಪಟ್ಟು ತೂಗುವ ಗುಂಡುಕಲ್ಲಿಗೆ ವೇಗದಲ್ಲಿ ಕಡಿಮೆಯಾಗುವುದು ನೂರಕ್ಕೆ ಎರಡು ಪಾಲಿನಷ್ಟು. ಕೆಳಗೆ ನಿಂತವನಿಗೆ ಆ ಎರಡು ಪಾಲಿನಿಂದ ಯಾವ ಉಪಕಾರವೂ ಇಲ್ಲ. ನಿಜವಾಗಿ ಅಂದು ಬಂಡೆಗಳು ನೆಟ್ಟಗೆ ಬಿದ್ದಿರಲಾರವು. ಇಳಿಜಾರಿಗೆ ಬಡಿದು, ಪುಟಿದು, ಚೂರಾಗಿ ಬಂದಿರುತ್ತವೆ. ಅವುಗಳ ವೇಗ ತಗ್ಗಿಸಿದ್ದು ಗುಡ್ಡದ ಮೈ, ಗಾಳಿಗೆ ಅದರಲ್ಲಿ ಪಾಲಿಲ್ಲ.

ದೊಡ್ಡ ಕಲ್ಲು ಗಾಳಿಗೆ ಸೊಪ್ಪು ಹಾಕದಿರುವುದಕ್ಕೆ ಕಾರಣ ಸರಳ. ಕಲ್ಲಿನ ಅಡ್ಡಳತೆ ಎರಡು ಪಟ್ಟಾದರೆ ಗಾಳಿಗೆ ಒಡ್ಡಿಕೊಳ್ಳುವ ಮುಖ ನಾಲ್ಕು ಪಟ್ಟಾಗುತ್ತದೆ, ತೂಕ ಎಂಟು ಪಟ್ಟಾಗುತ್ತದೆ. ದಪ್ಪ ಹೆಚ್ಚಿದಷ್ಟೂ ಭೂಮಿಯ ಸೆಳೆತದ ಕೈ ಮೇಲು. ಸಣ್ಣದಾದಷ್ಟೂ, ಹಗುರಾದಷ್ಟೂ ಗಾಳಿಯ ಕೈ ಮೇಲು. ಬಾಗಲಕೋಟೆ, ಹುನಗುಂದದ ಎರೆಹೊಲಗಳ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಹಂತಿ ಹೊಡೆದು ಮುಗಿಸಿ, ಕಣದಲ್ಲಿ ಎತ್ತರಕ್ಕೆ ನಿಂತು ಜೋಳ ತೂರುವಾಗ ಕಾಳು ಕಾಲಬುಡದಲ್ಲೇ ರಾಶಿಯಾಗುತ್ತದೆ, ಹೊಟ್ಟು ನಾಲ್ಕು ಮಾರು ಆಚೆ ಹೋಗಿ ಬೀಳುತ್ತದೆ. ಎರಡನ್ನೂ ಬಿಟ್ಟದ್ದು ಒಂದೇ ಮೊರದಿಂದ, ಒಂದೇ ಎತ್ತರದಿಂದ. ಗಾಳಿ ಬಂದಾಗ ತೂರಿಕೋ ಎಂದು ಬುದ್ಧಿ ಹೇಳುವ ಜನಕ್ಕೆ, ಭಾರದ್ದೂ ಹಗುರಾದದ್ದೂ ಕೂಡಿಯೇ ಬೀಳುತ್ತವೆ ಎಂಬ ಗೆಲಿಲಿಯೊನ ಮಾತು ಮೊದಲ ಸಲ ಕಿವಿಗೆ ಬಿದ್ದಾಗ ನಗು ಬಂದರೆ ತಪ್ಪಲ್ಲ. ಅವನು ಹೇಳಿದ್ದು ಗಾಳಿಯೇ ಇಲ್ಲದ ಲೋಕದ ಮಾತು.

ಗಾಳಿ ಇರುವ ಲೋಕದಲ್ಲಿ ಏನಾಗುತ್ತದೆಂದು ಅಳೆದು ನೋಡಿದ್ದು ಲಂಡನ್ನಿನಲ್ಲಿ, ಸೇಂಟ್ ಪಾಲ್ಸ್ ಇಗರ್ಜಿಯ ಗುಮ್ಮಟದೊಳಗೆ. 1710ರಲ್ಲಿ ಫ್ರಾನ್ಸಿಸ್ ಹಾಕ್ಸ್‌ಬೀ 220 ಅಡಿ ಎತ್ತರದಿಂದ ಗಾಜಿನ ಗೋಲಿಗಳನ್ನು ಬಿಟ್ಟ. ಪಾದರಸ ತುಂಬಿದ್ದು ನಾಲ್ಕು ಸೆಕೆಂಡಿಗೆ ಬಿತ್ತು. ಬರಿಯ ಗಾಳಿ ತುಂಬಿದ್ದು ಎಂಟು ಸೆಕೆಂಡು ತೆಗೆದುಕೊಂಡಿತು. 1719ರಲ್ಲಿ ಡೆಸಗೂಲಿಯರ್ಸ್ 272 ಅಡಿಗೆ ಏರಿ ಸೀಸದ ಗುಂಡುಗಳ ಜೊತೆಗೆ ಹಂದಿಯ ಮೂತ್ರಕೋಶವನ್ನು ಚೆಂಡಿನಂತೆ ಊದಿ ಒಣಗಿಸಿ ಬಿಟ್ಟ. ಸೀಸ ನಾಲ್ಕು ಸೆಕೆಂಡು ದಾಟುವಷ್ಟರಲ್ಲಿ ನೆಲದಲ್ಲಿತ್ತು, ಉಬ್ಬಿದ ಚೀಲಗಳು ತೇಲಾಡುತ್ತ ಹದಿನೇಳರಿಂದ ಇಪ್ಪತ್ತೆರಡು ಸೆಕೆಂಡು ಹಿಡಿದವು. ದೇವರ ಮನೆಯ ಗುಮ್ಮಟದಿಂದ ಹಂದಿಯ ಮೂತ್ರಕೋಶ ಬೀಳುತ್ತಿದ್ದರೂ ಪಾದ್ರಿಗಳು ಸುಮ್ಮನಿದ್ದರಲ್ಲ ಎಂಬುದೇ ಒಂದು ಸೋಜಿಗ. ನ್ಯೂಟನ್ ಇವೆರಡನ್ನೂ ತನ್ನ ಪ್ರಿನ್ಸಿಪಿಯಾ ಗ್ರಂಥಕ್ಕೆ ಸೇರಿಸಿಕೊಂಡ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು ಎಂಬ ಅವನ ನಿಯಮ ಇಂಥ ನಿಧಾನದ ಬೀಳುಗಳಿಗೆ ಚೆನ್ನಾಗಿಯೇ ಹೊಂದಿತು.

ತೋಪಿನವರು ಮಾತ್ರ ನ್ಯೂಟನ್ನನನ್ನು ಬಿಟ್ಟು ಗೆಲಿಲಿಯೊನನ್ನು ಹಿಡಿದು ಕುಳಿತಿದ್ದರು. 1638ರ ಪುಸ್ತಕದಲ್ಲಿ ಗೆಲಿಲಿಯೊ ಎಸೆದ ವಸ್ತುವಿನ ದಾರಿ ಪ್ಯಾರಾಬೊಲಾ ಎಂದು ತೋರಿಸಿದ್ದ. ಬಂದೂಕು ತೋಪುಗಳ ವಿಪರೀತ ವೇಗಕ್ಕೆ ಈ ಲೆಕ್ಕ ಕೆಡುತ್ತದೆ ಎಂದು ಎಚ್ಚರಿಕೆಯನ್ನೂ ಕೊಟ್ಟಿದ್ದ. ಜನ ಲೆಕ್ಕ ಇಟ್ಟುಕೊಂಡರು, ಎಚ್ಚರಿಕೆ ಕೈಬಿಟ್ಟರು. ಅಷ್ಟು ಭಾರದ ಕಬ್ಬಿಣದ ಗುಂಡನ್ನು ಈ ತೆಳು ಗಾಳಿ ಏನು ಮಾಡೀತು ಎಂಬ ಧೈರ್ಯ. ಬಾದಾಮಿಯ ಬಂಡೆ ಬೀಳುವುದನ್ನು ನೋಡಿದವರಿಗೂ ಅದೇ ಧೈರ್ಯ ಬರುತ್ತಿತ್ತು.

ಈ ಧೈರ್ಯ ಮುರಿದವನು ಬೆಂಜಮಿನ್ ರಾಬಿನ್ಸ್. 1707ರಲ್ಲಿ ಇಂಗ್ಲೆಂಡಿನ ಬಾತ್ ಊರಿನ ಕ್ವೇಕರ್ ಮನೆಯಲ್ಲಿ ಹುಟ್ಟಿದವನು. ಯುದ್ಧವೇ ಪಾಪ ಎನ್ನುವ ಪಂಥದವರ ಮಗ ತೋಪಿನ ಶಾಸ್ತ್ರಕ್ಕೆ ಹೊಸ ಬುನಾದಿ ಹಾಕಿದ. ಅವನ ಉಪಕರಣ ನೋಡಿದರೆ ಮಕ್ಕಳಾಟಿಕೆಯಂತಿದೆ. ಮೂರು ಕಾಲಿನ ನಿಲುವಿಗೆ ಒಂದು ಕಬ್ಬಿಣದ ಲೋಲಕ, ಅದರ ಮುಖಕ್ಕೆ ದಪ್ಪ ಮರದ ಹಲಗೆ, ಕೆಳಗೊಂದು ರಿಬ್ಬನ್ನು. ಗುಂಡು ಹಲಗೆಗೆ ನಾಟುತ್ತದೆ, ಲೋಲಕ ಹಿಂದೆ ತೂಗುತ್ತದೆ, ರಿಬ್ಬನ್ನು ಎಷ್ಟು ಎಳೆದುಕೊಂಡಿತು ಎಂದು ಅಳೆದರೆ ಗುಂಡಿನ ವೇಗ ಸಿಗುತ್ತದೆ. ಅಲ್ಲಿಯವರೆಗೆ ಹಾರುವ ಗುಂಡಿನ ವೇಗವನ್ನು ಹೀಗೆ ಹಿಡಿದು ಅಳೆದವರಿರಲಿಲ್ಲ.

ಮುಕ್ಕಾಲು ಇಂಚಿನ ಸೀಸದ ಗುಂಡನ್ನು ಅವನು 25 ಅಡಿ ದೂರದಿಂದ ಹೊಡೆದ: ಸೆಕೆಂಡಿಗೆ 1,670 ಅಡಿ. 75 ಅಡಿಯಿಂದ ಹೊಡೆದ: 1,550. 125 ಅಡಿಯಿಂದ: 1,425. ನೂರಡಿ ಗಾಳಿಯೊಳಗೆ ಹಾಯುವಷ್ಟರಲ್ಲಿ ವೇಗದ ಏಳನೆಯ ಒಂದು ಪಾಲು ಮಾಯ. ಲೆಕ್ಕ ಹಾಕಿದರೆ ಗಾಳಿ ಆ ಗುಂಡನ್ನು ಅದರ ತೂಕದ 120 ಪಟ್ಟು ಬಲದಿಂದ ಹಿಂದಕ್ಕೆ ತಳ್ಳುತ್ತಿತ್ತು. ಕಾಗದ ಪೆನ್ಸಿಲು ಹಿಡಿದರೆ ಯಾರಿಗೂ ಈ ಸಂಖ್ಯೆ ಬರುತ್ತದೆ. 1,670 ಮತ್ತು 1,550ರ ವರ್ಗಗಳನ್ನು ಕಳೆದು, ಐವತ್ತು ಅಡಿಯ ಎರಡು ಪಟ್ಟಿನಿಂದ ಭಾಗಿಸಿ, ಭೂಮಿಯ ಸೆಳೆತದ 32ರೊಂದಿಗೆ ಹೋಲಿಸಿ ನೋಡಬಹುದು. ಆ ಗುಂಡಿನ ಮಟ್ಟಿಗೆ ಗುರುತ್ವ ಒಂದು ಸಣ್ಣ ಗದ್ದಲ, ಗಾಳಿಯದೇ ದರ್ಬಾರು.

ಇನ್ನೊಂದನ್ನೂ ಅವನು ಕಂಡ. ವೇಗ ಸೆಕೆಂಡಿಗೆ ಸಾವಿರದ ನೂರು ಅಡಿಯ ಆಸುಪಾಸು ದಾಟಿತೆಂದರೆ ನ್ಯೂಟನ್ನನ ನಿಯಮ ಸಾಲದಾಗುತ್ತದೆ, ಗಾಳಿಯ ತಡೆ ಸುಮಾರು ಮೂರು ಪಟ್ಟು ಏರುತ್ತದೆ. ಆ ವೇಗವೂ ಶಬ್ದದ ವೇಗವೂ ಹೆಚ್ಚು ಕಡಿಮೆ ಒಂದೇ ಎಂದು ಅವನೇ ಗುರುತಿಸಿದ. ವಿಮಾನವೆಂಬುದು ಇಲ್ಲದ ಕಾಲದಲ್ಲಿ, ಮರದ ಹಲಗೆ ರಿಬ್ಬನ್ನುಗಳಿಂದ! 1742ರಲ್ಲಿ ಇವನ್ನೆಲ್ಲ ತೋಪಿನ ಹೊಸ ತತ್ವಗಳೆಂಬ ಪುಸ್ತಕ ಮಾಡಿದ. 1745ರಲ್ಲಿ ಆಯ್ಲರ್‌ನಂಥ ಗಣಿತಜ್ಞ ಅದನ್ನು ಜರ್ಮನಿಗೆ ಅನುವಾದಿಸಿ, ಮೂಲಕ್ಕಿಂತ ಉದ್ದವಾದ ಟಿಪ್ಪಣಿ ಬರೆದ. ಫ್ರೆಂಚಿಗೂ ಹೋಯಿತು, ಎಳೆಯ ನೆಪೋಲಿಯನ್ ಓದಿದ್ದು ಅದನ್ನೇ. ಗಾಳಿಯಿಲ್ಲದ ಲೆಕ್ಕದಲ್ಲಿ 1,670 ಅಡಿ ವೇಗದ ಗುಂಡು ಓರೆಯಾಗಿ ಹೊಡೆದರೆ 26 ಕಿಲೋಮೀಟರು ಹೋಗಬೇಕು. ನಿಜದ ತೋಪಿನ ಗುಂಡು ಐದು ಕಿಲೋಮೀಟರು ದಾಟುತ್ತಿರಲಿಲ್ಲ. ನಡುವಿನ ಇಪ್ಪತ್ತೊಂದು ಕಿಲೋಮೀಟರನ್ನು ನುಂಗಿದ್ದು ಗಾಳಿ.

ಇಂಥವನನ್ನು ಈಸ್ಟ್ ಇಂಡಿಯಾ ಕಂಪನಿ ಕೋಟೆ ಕಟ್ಟಿಸಲು ಕರೆಸಿಕೊಂಡಿತು. 1750ರಲ್ಲಿ ಅವನು ಕಂಪನಿಯ ಮುಖ್ಯ ಎಂಜಿನಿಯರನಾಗಿ ಕೋರಮಂಡಲ ಕರಾವಳಿಗೆ ಬಂದಿಳಿದ. ಮದರಾಸು ಮತ್ತು ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಗಳನ್ನು ಭದ್ರಪಡಿಸುವ ಕೆಲಸ. ಬಂದ ವರ್ಷವೇ ಜ್ವರ ಹಿಡಿಯಿತು. 1751ರ ಜುಲೈ 29ರಂದು ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ, ವಯಸ್ಸು ನಲವತ್ತನಾಲ್ಕು. ಒಂದು ತಿಂಗಳ ಮೇಲೆ ಕಂಪನಿಯ ದಂಡಿನ ಕ್ಲೈವ್ ಆರ್ಕಾಟನ್ನು ಹಿಡಿಯಲು ಹೊರಟ. ದಕ್ಷಿಣದ ಚರಿತ್ರೆ ಅವನ ಹಿಂದೆ ಓಡಿತು, ರಾಬಿನ್ಸನ ಹೆಸರು ನಮ್ಮ ಕಡೆಯ ಶಾಲಾ ಪುಸ್ತಕಗಳಿಗೆ ಬರಲೇ ಇಲ್ಲ.

ಈಗ ಅವನ ಲೆಕ್ಕವನ್ನು ಬಾದಾಮಿಗೆ ತರೋಣ. ಹನ್ನೆರಡು ಪೌಂಡಿನ ಕಬ್ಬಿಣದ ಗುಂಡು, ನಾಲ್ಕೂವರೆ ಇಂಚು ಅಡ್ಡಳತೆ, ಬಾಯಿಂದ ಹೊರಡುವಾಗ ಸೆಕೆಂಡಿಗೆ 450 ಮೀಟರು ವೇಗ ಎಂದುಕೊಳ್ಳಿ. ಹೊರಟ ಗಳಿಗೆಯಲ್ಲಿ ಗಾಳಿ ಅದನ್ನು ಅದರ ತೂಕದ ಇಪ್ಪತ್ತು ಪಟ್ಟು ಬಲದಿಂದ ತಡೆಯುತ್ತದೆ. ನೂರು ಮೀಟರು ಹೋಗುವಷ್ಟರಲ್ಲಿ ಹೊಡೆತದ ಶಕ್ತಿಯಲ್ಲಿ ಐದನೆಯ ಒಂದು ಪಾಲು ಹೋಗಿರುತ್ತದೆ. ಅರ್ಧ ಕಿಲೋಮೀಟರಿಗೆ ಅರ್ಧಕ್ಕಿಂತ ಹೆಚ್ಚು. ಜೊತೆಗೆ ಆ ದೂರಕ್ಕೆ ಗುಂಡು ಮೂವತ್ತು ಅಡಿ ಕೆಳಗಿಳಿಯುತ್ತದೆ, ತೋಪಿನ ಬಾಯಿ ಎತ್ತಬೇಕು, ಗುರಿ ಚದುರುತ್ತದೆ. ಗೋಡೆ ಒಡೆಯಬೇಕಾದರೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಡಿಯಬೇಕಲ್ಲ.

ಗುಡ್ಡದ ಮೇಲಿನ ಕೋಟೆಗೆ ಹೊಡೆಯುವಾಗ ಏನು? ಎಲ್ಲರೂ ಮೊದಲು ಹೇಳುವುದು ಎತ್ತರದ ತೊಂದರೆಯನ್ನು. 240 ಅಡಿ ಮೇಲೇರಲು ಈ ಗುಂಡು ತನ್ನ ಶಕ್ತಿಯಲ್ಲಿ ಕಳೆದುಕೊಳ್ಳುವುದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಎತ್ತರ ಕಾಪಾಡಿದ್ದು ಏರುವ ಮನುಷ್ಯರಿಂದ, ಗುಂಡಿನಿಂದ ಅಲ್ಲ. ಮೇಲಿನಿಂದ ಬೀಳುವ ಬಂಡೆಯ ಬಲವೆಲ್ಲ ಎತ್ತರದ್ದೇ, ಗಾಳಿಯ ಲೆಕ್ಕ ಬೇಕಿಲ್ಲ. ಕೆಳಗಿನಿಂದ ಹೋಗುವ ಗುಂಡಿಗೆ ಎತ್ತರ ಲೆಕ್ಕಕ್ಕಿಲ್ಲ, ಸೋಲುವುದೆಲ್ಲ ಗಾಳಿಗೆ. 543ರಲ್ಲಿ ಚಾಲುಕ್ಯರ ಒಂದನೆಯ ಪುಲಕೇಶಿ ಈ ಗುಡ್ಡವನ್ನು ಕೋಟೆ ಮಾಡಿ, ಮೇಲಿನಿಂದಲೂ ಕೆಳಗಿನಿಂದಲೂ ಯಾರಿಗೂ ದಕ್ಕದ್ದೆಂದು ಬಂಡೆಯ ಮೇಲೆ ಶಾಸನ ಕೆತ್ತಿಸಿದಾಗ ಅವನ ಮನಸ್ಸಿನಲ್ಲಿದ್ದದ್ದು ಬಾಣ, ಕವಣೆ, ಏಣಿ. ಆ ಲೋಕಕ್ಕೆ ಮಾತು ಬಹುತೇಕ ಸರಿ. ಪಲ್ಲವರ ನರಸಿಂಹವರ್ಮ 642ರಲ್ಲಿ ಆ ಊರನ್ನೇ ಸುಟ್ಟು ಹೋದ ಎನ್ನುವುದು ಬೇರೆ ಕತೆ.

ಕಲ್ಲಿನ ಗುಂಡುಗಳ ಕಾಲದಲ್ಲಿ ಗಾಳಿಯ ಸುಲಿಗೆ ಇನ್ನೂ ಜೋರು. ಇಳಕಲ್ಲಿನ ಕಲ್ಲೇ ಆದರೂ ತೂಕದಲ್ಲಿ ಕಬ್ಬಿಣದ ಮೂರನೆಯ ಒಂದು ಪಾಲು ಚಿಲ್ಲರೆ. ಅದೇ ಗಾತ್ರದ ಕಲ್ಲಿನ ಗುಂಡು ಮೂರು ಪಟ್ಟಿನ ಹತ್ತಿರ ಬೇಗ ವೇಗ ಕಳೆದುಕೊಳ್ಳುತ್ತದೆ. ಅದನ್ನು ತುಂಬಿಕೊಳ್ಳಲು ಒಂದೇ ದಾರಿ ಗಾತ್ರ ಹೆಚ್ಚಿಸುವುದು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದು ಆಮೇಲೆ ವಿಜಯಪುರಕ್ಕೆ ಬಂದ ಮಲಿಕ್-ಎ-ಮೈದಾನ್ ತೋಪಿನ ಬಾಯಿ ಎರಡಡಿ ದಾಟಿರುವುದನ್ನು ನೋಡಿದಾಗ ಇದು ನೆನಪಾಗಬೇಕು. ಅಂಥ ತೋಪನ್ನು ಎಳೆದು ಗೋಡೆಯ ಸಮೀಪಕ್ಕೆ ತರುವುದು ಆಗದ ಕೆಲಸ, ದೂರದಿಂದ ಹೊಡೆದರೆ ಗಾಳಿಯ ಪಾಲು.

1786ರಲ್ಲಿ ಗೋಡೆ ಬೀಳದಿರುವುದಕ್ಕೆ ಗಾಳಿಯೊಂದನ್ನೇ ದೂರಿದರೆ ಅನ್ಯಾಯವಾದೀತು. ಆ ದಂಡುಗಳ ತೋಪಿನ ಶಿಸ್ತು ಹೇಗಿತ್ತೆಂಬುದಕ್ಕೆ ನಾಲ್ಕು ವರ್ಷದ ನಂತರದ ಧಾರವಾಡ ಮುತ್ತಿಗೆಯ ವರದಿ ಇದೆ. ಅಲ್ಲಿ ಪರಶುರಾಮ ಭಾವು ಪಟವರ್ಧನನ ಮರಾಠರೊಂದಿಗೆ ಇಂಗ್ಲಿಷರ ಒಂದು ಸಣ್ಣ ತುಕಡಿಯೂ ಇತ್ತು; ಅದರಲ್ಲಿದ್ದ ಎಡ್ವರ್ಡ್ ಮೂರ್ ಎಂಬ ತರುಣ ಅಧಿಕಾರಿ ಕಂಡದ್ದನ್ನು ಬರೆದಿಟ್ಟ. ಒಂದು ಗುಂಡು ತುಂಬಿದರೆ ತೋಪಿನವರೆಲ್ಲ ಕುಳಿತು ಅರ್ಧ ಗಂಟೆ ಹರಟೆ, ಹುಕ್ಕ. ಆಮೇಲೆ ಹೊಡೆಯುವುದು. ಧೂಳು ಚೆನ್ನಾಗಿ ಎದ್ದರೆ ತೃಪ್ತಿ. ಮಧ್ಯಾಹ್ನ ಎರಡು ಗಂಟೆ ಕಾಲ ಎರಡೂ ಕಡೆಯವರು ಮಾತಾಡಿಕೊಂಡವರಂತೆ ತೋಪು ನಿಲ್ಲಿಸಿ ಊಟ ಮಾಡುತ್ತಿದ್ದರಂತೆ. ಮೂರ್ ಇದನ್ನು ವ್ಯಂಗ್ಯಕ್ಕೆ ಬರೆದ. ನನಗೇನೋ ಯುದ್ಧ ಮಾಡಲೇಬೇಕಾದರೆ ಹೀಗೇ ಮಾಡಬೇಕು ಅನ್ನಿಸುತ್ತದೆ. ಧಾರವಾಡ ಹಿಡಿಯಲು ಅರ್ಧ ವರ್ಷ ಬೇಕಾಯಿತು. 1791ರ ಏಪ್ರಿಲಿನಲ್ಲಿ ಟಿಪ್ಪುವಿನ ಕಿಲ್ಲೇದಾರ ಬದರ್ ಉಜ್ ಜಮಾನ್ ಖಾನ್ ಒಪ್ಪಂದಕ್ಕೆ ಬಂದು ಹೊರಬಿದ್ದ.

ಆದರೂ ಒಂದು ಮಾತು ಉಳಿಯುತ್ತದೆ. ಎದ್ದ ಧೂಳಿನಿಂದ ಪೆಟ್ಟನ್ನು ಅಳೆಯುವವನಿಗೂ ಗುಂಡಿನ ವೇಗದಿಂದ ಅಳೆಯುವವನಿಗೂ ನಡುವೆ ರಾಬಿನ್ಸನ ಲೋಲಕವಿದೆ. ದೂರದಿಂದ ಬಂದ ಸೋತ ಗುಂಡೂ ಮಣ್ಣಿನ ಗೋಡೆಯಿಂದ ಧೂಳೆಬ್ಬಿಸುತ್ತದೆ. ಒಳಗಿನ ಕಲ್ಲನ್ನು ಅಲುಗಿಸುವುದಿಲ್ಲ.

1787ರ ಗಜೇಂದ್ರಗಡದ ಒಪ್ಪಂದದಲ್ಲಿ ಟಿಪ್ಪು ಬಾದಾಮಿಯನ್ನು ಮರಾಠರಿಗೇ ಬಿಟ್ಟುಕೊಟ್ಟ. ಮುಂದೆ ಮೂವತ್ತು ವರ್ಷ ಪೇಶ್ವೆಯ ಬಾವುಟ. ಅಷ್ಟರಲ್ಲಿ ಇಂಗ್ಲೆಂಡಿನ ವೂಲಿಚ್ ಸೈನಿಕ ಶಾಲೆಯಲ್ಲಿ ಚಾರ್ಲ್ಸ್ ಹಟ್ಟನ್ ಎಂಬ ಗಣಿತದ ಮೇಷ್ಟ್ರು ರಾಬಿನ್ಸನ ಲೋಲಕವನ್ನು ದೊಡ್ಡದು ಮಾಡಿ, ಬಂದೂಕಿನ ಬದಲು ತೋಪಿನ ಗುಂಡುಗಳನ್ನೇ ಹೊಡೆದು ಅಳೆದಿದ್ದ. 1805ರಲ್ಲಿ ರಾಬಿನ್ಸನ ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿದ. ಆ ಶಾಲೆಯಲ್ಲಿ ತೋಪಿನ ಅಧಿಕಾರಿ ಆಗುವವನಿಗೆ ಗಾಳಿಯ ತಡೆ ಪಾಠದ ವಿಷಯವಾಗಿತ್ತು. ಅದರ ವ್ಯಾವಹಾರಿಕ ತಾತ್ಪರ್ಯ ಎರಡು ಮಾತಿನದು. ದೂರದಿಂದ ಮದ್ದು ಸುಡಬೇಡ. ಹಳ್ಳ ತೋಡುತ್ತ, ಮಣ್ಣು ಒಟ್ಟುತ್ತ ಹತ್ತಿರ ಹೋಗು, ಒಂದೇ ಜಾಗಕ್ಕೆ ಹೊಡೆ.

ಕಂಪನಿಗೂ ಪೇಶ್ವೆಗೂ ಯುದ್ಧ ಹತ್ತಿ, 1818ರ ಫೆಬ್ರವರಿಯಲ್ಲಿ ಬಾದಾಮಿಗೆ ಬಂದವನು ಕಂಪನಿಯ ಥಾಮಸ್ ಮನ್ರೋ. 1780ರಲ್ಲಿ ಕೆಡೆಟ್ ಆಗಿ ಮದರಾಸಿಗೆ ಬಂದು, ಬಳ್ಳಾರಿ ಕಡೆಯ ಜಿಲ್ಲೆಗಳಲ್ಲಿ ಏಳು ವರ್ಷ ಕಲೆಕ್ಟರಿಕೆ ಮಾಡಿ, ಕಂದಾಯದ ಕಡತಗಳಿಗೇ ಹೆಸರಾದವನು. ಕೈಯಲ್ಲಿದ್ದ ಖಾಯಂ ದಂಡು ಚಿಕ್ಕದು. ಉಳಿದವರು ಅಲ್ಲಲ್ಲಿಯೇ ಜಮಾಯಿಸಿದ ಹಳ್ಳಿಯ ಬಂಟರು. ಗದಗ, ಡಂಬಳ, ಹುಬ್ಬಳ್ಳಿ ಮುಗಿಸಿ ಬಂದಿದ್ದ. ಮೂವತ್ತೆರಡು ವರ್ಷದ ಹಿಂದೆ ಇಪ್ಪತ್ತು ಸಾವಿರ ಜನ ಏಣಿ ಹಿಡಿದು ನಿಂತ ಜಾಗದಲ್ಲಿ ಅವನಿಗಿದ್ದದ್ದು ಅದರ ಒಂದು ಚೂರು. ಏಣಿಯ ಮೇಲೆ ಜನರನ್ನು ಸುರಿಯುವ ಅನುಕೂಲ ಅವನಿಗಿರಲಿಲ್ಲ, ತೋಪನ್ನೇ ನಂಬಬೇಕಿತ್ತು.

ಕೆಳಕೋಟೆಯ ಗೋಡೆ ವಾರ ತುಂಬುವುದರೊಳಗೆ ಬಾಯಿ ಬಿಟ್ಟಿತು. ಫೆಬ್ರವರಿ 17ರ ಸಂಜೆಗೆ ಜನ ನುಗ್ಗುವಷ್ಟು ಕಂಡಿ, 18ರ ಬೆಳಗಿನ ಜಾವ ದಾಳಿ. ಒಳಗಿನವರು 1786ರಲ್ಲಿ ಮಾಡಿದ್ದನ್ನೇ ಮಾಡಿದರು, ಮೇಲಿನ ಕೋಟೆಗಳಿಗೆ ಓಡಿದರು. ಬಂಡೆಗಳಿಗೆ ಅಲ್ಲಿ ಬರವಿರಲಿಲ್ಲ, ಗುಡ್ಡದ ಎತ್ತರವೂ ಒಂದಿಂಚು ತಗ್ಗಿರಲಿಲ್ಲ. ಆದರೆ ಬೆನ್ನಟ್ಟಿದವರು ಬಾಗಿಲ ಹತ್ತಿರ ಬಂದುಬಿಟ್ಟಿದ್ದರು. ಒಳಗಿನವರು ಮಾತುಕತೆ ಕೇಳಿದರು, ಹೊತ್ತೇರುವ ಮುಂಚೆ ಮೂರೂ ಕೋಟೆಗಳು ಮನ್ರೋನ ಕೈಗೆ ಬಂದವು.

ಅದೇ ತಿಂಗಳು ಬಾಗಲಕೋಟೆ ಕಾದಾಟವಿಲ್ಲದೆ ಬಾಗಿಲು ತೆರೆಯಿತು. ಬಾದಾಮಿಯ ಸುದ್ದಿ ಅವನಿಗಿಂತ ಮುಂದೆ ಹೋಗಿತ್ತು. ಮನ್ರೋನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ಬೆಳಗಾವಿ. ಗುಡ್ಡವಿಲ್ಲ, ಉರುಳಿಸಲು ಬಂಡೆಯಿಲ್ಲ, ಬಯಲಿನ ಕೋಟೆ. ಸುತ್ತ ಅಗಲವಾದ ಕಂದಕ ಮಾತ್ರ ಇತ್ತು, ತೋಪನ್ನೂ ಜನರನ್ನೂ ದೂರವೇ ಇರಿಸುವಂಥದ್ದು. ಮಾರ್ಚ್ 20ರ ಸುಮಾರಿಗೆ ಶುರುವಾದ ಮುತ್ತಿಗೆ ಮುಗಿದದ್ದು ಏಪ್ರಿಲ್ 10ಕ್ಕೆ.